ವಿದ್ಯಾರ್ಥಿಯ ಮರಣ: ಕಾಲೇಜಿನ ಕರ್ತವ್ಯ ಮತ್ತು ಪೋಷಕರಿಗೆ ದೊರೆಯಬೇಕಾದ ಸೇವೆ

ಮಹದೇವಪುರ, ಹೂಡಿ, ವೈಟ್‌ಫೀಲ್ಡ್ ಹಾಗೂ ಕೃಷ್ಣರಾಜಪುರ ಭಾಗದ ಕಾಲೇಜುಗಳಲ್ಲಿ ಹೊರ ಜಿಲ್ಲೆ, ಹೊರ ರಾಜ್ಯಗಳಿಂದ ಬಂದು ಹಾಸ್ಟೆಲ್ ಅಥವಾ ಪಿ.ಜಿ.ಗಳಲ್ಲಿ ತಂಗಿ ಓದುವವರು ಅನೇಕರಿದ್ದಾರೆ. ಇಂತಹ ವಿದ್ಯಾರ್ಥಿಯು ಮರಣ ಹೊಂದಿದಲ್ಲಿ, ಪೋಷಕರು ನಗರವನ್ನು ತಲುಪುವವರೆಗೆ ಅವರ ಪರವಾಗಿ ನಿಲ್ಲಬೇಕಾದದ್ದು ಕಾಲೇಜು.

ಸುದ್ದಿಯನ್ನು ಪ್ರಾಂಶುಪಾಲರು ಅಥವಾ ಹಿರಿಯ ಅಧ್ಯಾಪಕರು ಸ್ವತಃ, ಪೋಷಕರಿಗೆ ತಿಳಿಯುವ ಭಾಷೆಯಲ್ಲಿ ತಿಳಿಸತಕ್ಕದ್ದು. ಅದಕ್ಕೂ ಮುನ್ನ ವಾಟ್ಸ್‌ಆಪ್ ಗುಂಪಿನಲ್ಲಾಗಲಿ ಸೂಚನಾ ಫಲಕದಲ್ಲಾಗಲಿ ಹೆಸರು ಪ್ರಕಟವಾಗಕೂಡದು. "ಕೂಡಲೇ ಹೊರಟು ಬನ್ನಿ" ಎಂದಷ್ಟೇ ಹೇಳುವುದು ಕರುಣೆಯಂತೆ ತೋರಬಹುದು. ಆದರೆ ರಾತ್ರಿಯಿಡೀ ಪ್ರಯಾಣಿಸಿದವರು ಆಸ್ಪತ್ರೆಯ ಬಾಗಿಲಲ್ಲಿ ಸತ್ಯವನ್ನು ಅರಿಯಬೇಕಾಗುತ್ತದೆ.

ಅಪಘಾತ, ಆತ್ಮಹತ್ಯೆ ಅಥವಾ ಸಂಶಯಾಸ್ಪದ ಮರಣವಾದಲ್ಲಿ ಪೊಲೀಸ್ ಠಾಣೆಗೆ ಕೂಡಲೇ ವರದಿ ಮಾಡಿ, ಕೊಠಡಿಯನ್ನು ಯಾರೂ ಮುಟ್ಟದಂತೆ ಕಾಯ್ದಿರಿಸತಕ್ಕದ್ದು. 1-7-2024ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 194ರ ಮೇರೆಗೆ ಪೊಲೀಸರು ಶವ ಪಂಚನಾಮೆ ನಡೆಸುತ್ತಾರೆ. ತನಿಖೆ ನಡೆಯುತ್ತಿರುವಾಗ 'ಕಡಿಮೆ ಅಂಕ', 'ಪ್ರೇಮ ವೈಫಲ್ಯ' ಎಂದು ಕಾರಣ ಹೇಳುವುದು ಕಾಲೇಜಿನ ಕೆಲಸವಲ್ಲ. 2021ರ ನವೆಂಬರ್‌ನಿಂದ ಸೂರ್ಯಾಸ್ತದ ನಂತರವೂ ಮರಣೋತ್ತರ ಪರೀಕ್ಷೆಗೆ ಅವಕಾಶವಿದೆಯಾದರೂ ಆತ್ಮಹತ್ಯೆ, ಕೊಲೆ ಮುಂತಾದ ಪ್ರಕರಣಗಳಿಗೆ ಸಾಮಾನ್ಯವಾಗಿ ಅದು ಅನ್ವಯಿಸದು. ಆದುದರಿಂದ ಮೃತದೇಹ ದೊರೆಯಲು ಮರುದಿನವಾಗಬಹುದೆಂದು ಪೋಷಕರಿಗೆ ಮೊದಲೇ ತಿಳಿಸಿ, ತಂಗಲು ಸ್ಥಳ ಹಾಗೂ ಜೊತೆಗೊಬ್ಬ ಸಿಬ್ಬಂದಿಯನ್ನು ಒದಗಿಸುವುದು.

ಮರಣ ನೋಂದಣಿಯ ವಿಷಯದಲ್ಲಿ ಗೊಂದಲ ಸಹಜ. ಜನನ ಮರಣ ನೋಂದಣಿ ಅಧಿನಿಯಮ, 1969ರಂತೆ ಮರಣವನ್ನು ಅದು ಸಂಭವಿಸಿದ ಸ್ಥಳದಲ್ಲಿಯೇ ನೋಂದಾಯಿಸಬೇಕು; ಸ್ವಂತ ಊರಿನಲ್ಲಲ್ಲ. ಆಸ್ಪತ್ರೆಯಲ್ಲಾದ ಮರಣವನ್ನು ಆಸ್ಪತ್ರೆಯೂ, ಹಾಸ್ಟೆಲಿನಲ್ಲಾದದ್ದನ್ನು ಅದರ ಉಸ್ತುವಾರಿ ಹೊತ್ತವರೂ 21 ದಿನಗಳೊಳಗೆ ವರದಿ ಮಾಡತಕ್ಕದ್ದು. (ಕಲಂ 8 ಹಾಸ್ಟೆಲನ್ನು ಛತ್ರ, ಧರ್ಮಶಾಲೆಗಳ ಸಾಲಿನಲ್ಲಿರಿಸಿದೆ.) ಮಗನನ್ನೋ ಮಗಳನ್ನೋ ಕಳೆದುಕೊಂಡವರನ್ನು ಇದಕ್ಕಾಗಿ ಅಲೆದಾಡಿಸಬಾರದು. 2025ರ ಸೆಪ್ಟೆಂಬರ್‌ನಿಂದ ಮಹದೇವಪುರವು ಬೆಂಗಳೂರು ಪೂರ್ವ ನಗರ ಪಾಲಿಕೆಯ ವ್ಯಾಪ್ತಿಯಲ್ಲಿದೆ.

ಕಾಲೇಜಿನಲ್ಲಿರುವ ಮೂಲ ಅಂಕಪಟ್ಟಿಗಳು, ಠೇವಣಿ ಹಣ ಹಾಗೂ ವಿಮೆ ಇದ್ದಲ್ಲಿ ಅದರ ಅರ್ಜಿಯನ್ನು, 'ಬಾಕಿ ಇಲ್ಲ' ಪತ್ರವನ್ನು ಕೇಳದೆ, ಪೋಷಕರ ವಿಳಾಸಕ್ಕೆ ತಲುಪಿಸುವುದು ಯೋಗ್ಯ.

ಸಹಪಾಠಿಗಳಿಗೆ, ವಿಶೇಷವಾಗಿ ಒಂದೇ ಕೊಠಡಿಯಲ್ಲಿದ್ದವರಿಗೆ, ಅಧ್ಯಾಪಕರು ಅಂದೇ ಮುಖತಃ ವಿಷಯ ತಿಳಿಸಬೇಕು. ಆತ್ಮಹತ್ಯೆಯಾಗಿದ್ದಲ್ಲಿ ಅದರ ವಿಧಾನವನ್ನು ವಿವರಿಸಕೂಡದು. ಟೆಲಿ ಮಾನಸ್ ಉಚಿತ ದೂರವಾಣಿ 14416 ದಿನದ 24 ಗಂಟೆಯೂ ಲಭ್ಯ. 2022ರಲ್ಲಿ ಆರಂಭವಾದ ಈ ಸೇವೆಯ ರಾಷ್ಟ್ರೀಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್.

ಹಾಜರಾತಿ ಪುಸ್ತಕ ಹಾಗೂ ಗಣಕಯಂತ್ರದ ಪಟ್ಟಿಯಿಂದ ಹೆಸರನ್ನು ಅದೇ ದಿನ ತೆಗೆಯತಕ್ಕದ್ದು. ಇಲ್ಲವಾದಲ್ಲಿ ಗೈರುಹಾಜರಿ ಮತ್ತು ಶುಲ್ಕ ಬಾಕಿಯ ಸಂದೇಶಗಳು ಪೋಷಕರ ಮೊಬೈಲಿಗೆ ಹೋಗುತ್ತಲೇ ಇರುತ್ತವೆ.