ಕ್ರಮಸಂಖ್ಯೆ ಮುಗಿದರೆ ಜಾಲತಾಣ ಸ್ತಬ್ಧ: ಡೇಟಾಬೇಸ್‌ಗೆ 64 ಬಿಟ್ ಕೀ ಏಕೆ ಬೇಕು?

2018ರ ನವೆಂಬರ್ 8ರಂದು ಅಮೆರಿಕದ ಬೇಸ್‌ಕ್ಯಾಂಪ್ ಜಾಲಸೇವೆ ಸುಮಾರು ಐದು ಗಂಟೆ ಕಾಲ ಅರೆಜೀವವಾಗಿತ್ತು. ಕಚೇರಿ ಕೆಲಸಗಳ ನಿರ್ವಹಣೆಗೆಂದು ಅದನ್ನು ಬಳಸುತ್ತಿದ್ದ ಗ್ರಾಹಕರು ಹಳೆಯ ಕಡತಗಳನ್ನು ಓದಬಹುದಿತ್ತು. ಹೊಸದಾಗಿ ಒಂದಕ್ಷರವನ್ನೂ ಸೇರಿಸುವಂತಿರಲಿಲ್ಲ. ಯಂತ್ರ ಕೆಟ್ಟಿರಲಿಲ್ಲ, ಹ್ಯಾಕರ್‌ಗಳು ನುಗ್ಗಿರಲಿಲ್ಲ. ಮುಗಿದುಹೋದದ್ದು ಕ್ರಮಸಂಖ್ಯೆ.

ಜಾಲತಾಣದಲ್ಲಿ ಖಾತೆ ತೆರೆದರೂ, ಸರಕು ತರಿಸಿಕೊಂಡರೂ, ಪ್ರತಿಕ್ರಿಯೆ ಬರೆದರೂ ಅದರ ಹಿಂಬದಿಯ ಡೇಟಾಬೇಸ್‌ನಲ್ಲಿ ಯಾವುದೋ ಕೋಷ್ಟಕಕ್ಕೆ ಹೊಸ ಸಾಲೊಂದು ಸೇರುತ್ತದೆ. ಪ್ರತಿ ಸಾಲಿಗೂ ಆಸ್ಪತ್ರೆಯ ಹೊರರೋಗಿ ಚೀಟಿಯಲ್ಲಿರುವಂತೆ ಬೇರಾವುದಕ್ಕೂ ಇಲ್ಲದ ಒಂದು ಸಂಖ್ಯೆ ಬೇಕು. ಇದೇ ಪ್ರೈಮರಿ ಕೀ. ಬಹುಕಾಲ ಇದಕ್ಕೆ 32 ಬಿಟ್, ಅಂದರೆ 4 ಬೈಟ್ ಜಾಗ ಮೀಸಲಿಡುವುದೇ ರೂಢಿಯಾಗಿತ್ತು. ಅದರಲ್ಲಿ ಹಿಡಿಸುವ ಗರಿಷ್ಠ ಸಂಖ್ಯೆ 2,14,74,83,647. ಋಣ ಸಂಖ್ಯೆಗಳನ್ನು ಕೈಬಿಡುವ ಸೌಲಭ್ಯ ಮೈಎಸ್‌ಕ್ಯೂಎಲ್‌ನಲ್ಲಿದ್ದು, ಆಗ ಮಿತಿ ಇಮ್ಮಡಿಯಾಗುತ್ತದೆ.

ಇನ್ನೂರ ಹದಿನಾಲ್ಕು ಕೋಟಿ ಎಂದರೆ ಅಕ್ಷಯಪಾತ್ರೆ ಎನಿಸಬಹುದು. ಆದರೆ ಸೆಕೆಂಡಿಗೆ ಸಾವಿರ ಸಾಲು ಸೇರುವ ಕೋಷ್ಟಕದಲ್ಲಿ ಅದು ಇಪ್ಪತ್ತೈದು ದಿನಕ್ಕೆ ಬರಿದಾಗುತ್ತದೆ. ಮೇಲಾಗಿ ಒಮ್ಮೆ ಕೊಟ್ಟ ಸಂಖ್ಯೆ ಮರಳಿ ಬರುವುದಿಲ್ಲ. ಅಳಿಸಿದ ಸಾಲಿನ ಸಂಖ್ಯೆ ಹೋದದ್ದೇ. ಅರ್ಧಕ್ಕೆ ರದ್ದಾದ ವಹಿವಾಟು ಕೂಡ ಸಂಖ್ಯೆಯನ್ನು ನುಂಗಿಯೇ ಹೋಗುತ್ತದೆ. ಹೀಗಾಗಿ ಕೆಲವೇ ಕೋಟಿ ಸಾಲುಗಳು ಉಳಿದಿರುವ ಕೋಷ್ಟಕವೂ ಮಿತಿ ಮುಟ್ಟಬಹುದು.

ಪರಿಹಾರ ಸರಳ: 64 ಬಿಟ್‌ನ, ಅಂದರೆ 8 ಬೈಟ್‌ನ ಸಂಖ್ಯೆ. ಇದರ ಮಿತಿ 19 ಅಂಕಿಗಳಷ್ಟು ದೊಡ್ಡದು. ಅದೇ ಸೆಕೆಂಡಿಗೆ ಸಾವಿರದ ವೇಗದಲ್ಲಿ ಮುಗಿಯಲು 29 ಕೋಟಿ ವರ್ಷ ಬೇಕು. ನೂರು ಕೋಟಿ ಸಾಲುಗಳಿಗೆ ಕೀಯ ಕಾಲಂ ಒಂದರಲ್ಲೇ 4 ಗಿಗಾಬೈಟ್ ಹೆಚ್ಚು ಜಾಗ ಹಿಡಿಯುತ್ತದೆ, ಸೂಚಿಗಳೂ ಹಿಗ್ಗುತ್ತವೆ. ಐದು ಗಂಟೆ ಬಾಗಿಲು ಮುಚ್ಚುವುದರ ಮುಂದೆ ಇದು ದುಬಾರಿಯೇನಲ್ಲ.

ಕಷ್ಟವಿರುವುದು ತಡವಾಗಿ ಬದಲಿಸುವವರಿಗೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಕಾಲಂನ ಬಗೆಯನ್ನು ನೇರವಾಗಿ ಹಿಗ್ಗಿಸಿದರೆ ಇಡೀ ಕೋಷ್ಟಕ ಹೊಸದಾಗಿ ಬರೆಯಲ್ಪಡುತ್ತದೆ. ಅಲ್ಲಿಯವರೆಗೆ ಅದನ್ನು ಓದುವುದಕ್ಕೂ ಆಗದು. ಆದ್ದರಿಂದ ಅನುಭವಿಗಳು ಪಕ್ಕದಲ್ಲೊಂದು ದೊಡ್ಡ ಕಾಲಂ ಸೇರಿಸಿ, ಹಳೆಯ ಸಂಖ್ಯೆಗಳನ್ನು ಸ್ವಲ್ಪ ಸ್ವಲ್ಪವಾಗಿ ನಕಲಿಸಿ, ಕೊನೆಗೆ ಅದಲುಬದಲು ಮಾಡುತ್ತಾರೆ.

ಕೀಯನ್ನು ಮಾತ್ರ ಹಿಗ್ಗಿಸಿ ಸುಮ್ಮನಾಗುವಂತೆಯೂ ಇಲ್ಲ. 2006ರ ನವೆಂಬರ್‌ನಲ್ಲಿ ಸ್ಲ್ಯಾಶ್‌ಡಾಟ್ ತಾಣದಲ್ಲಿ ಪ್ರತಿಕ್ರಿಯೆಗಳ ಸಂಖ್ಯೆ 1,67,77,216 ದಾಟಿದಾಗ ಚರ್ಚೆ ನಿಂತಿತು. ಅಲ್ಲಿನ ತಂತ್ರಜ್ಞರು ವರ್ಷಗಳ ಹಿಂದೆಯೇ ಪ್ರೈಮರಿ ಕೀಯನ್ನು 32 ಬಿಟ್‌ಗೆ ಏರಿಸಿದ್ದರು. ಆದರೆ ಯಾವ ಪ್ರತಿಕ್ರಿಯೆಗೆ ಯಾವುದು ಉತ್ತರ ಎಂದು ತೋರಿಸುವ ಕಾಲಂ 24 ಬಿಟ್‌ನಲ್ಲೇ ಉಳಿದಿತ್ತು! ಕೀಯನ್ನು ಉಲ್ಲೇಖಿಸುವ ಪ್ರತಿ ಕಾಲಂ ಕೂಡ ಅಷ್ಟೇ ಅಗಲವಿರಬೇಕು. ಮೈಎಸ್‌ಕ್ಯೂಎಲ್ ಬಳಕೆದಾರರನ್ನು ಏಮಾರಿಸುವ ಇನ್ನೊಂದು ಸಂಗತಿಯಿದೆ: ಇಂಟ್ ಪದದ ಮುಂದೆ ಕಂಸದಲ್ಲಿ 11ರ ಬದಲು 20 ಎಂದು ಬರೆದರೆ ಮಿತಿ ಏರದು, ಅದು ಕೇವಲ ತೋರಿಕೆಯ ಅಗಲ. ಬಿಗ್‌ಇಂಟ್ ಎಂದೇ ನಮೂದಿಸಬೇಕು.

ಜಾಲತಂತ್ರಾಂಶ ರಚನೆಗೆ ಬಳಸುವ ರೈಲ್ಸ್ ಚೌಕಟ್ಟು 2017ರಲ್ಲಿ ತನ್ನ 5.1ನೇ ಆವೃತ್ತಿಯಿಂದ 64 ಬಿಟ್ ಕೀಯನ್ನೇ ಸಹಜ ಆಯ್ಕೆಯಾಗಿಸಿತು. ಜಾಂಗೊ 2021ರ 3.2ನೇ ಆವೃತ್ತಿಯಲ್ಲಿ ಹೊಸ ಯೋಜನೆಗಳಿಗೆ ಇದನ್ನು ಅಳವಡಿಸಿತು. ಹಳೆಯ ಕೋಷ್ಟಕಗಳು ಮಾತ್ರ ತಾವಾಗಿ ಬದಲಾಗುವುದಿಲ್ಲ. ರೈಲ್ಸ್ ಹುಟ್ಟಿದ್ದು ಬೇಸ್‌ಕ್ಯಾಂಪ್ ಸಂಸ್ಥೆಯಲ್ಲೇ ಎಂಬುದು ಇಲ್ಲಿನ ವಿಪರ್ಯಾಸ.

ಬ್ರೌಸರ್‌ನ ಜಾವಾಸ್ಕ್ರಿಪ್ಟ್ ಭಾಷೆಯ ಸಾಮಾನ್ಯ ಸಂಖ್ಯೆ 53 ಬಿಟ್‌ವರೆಗಿನ ಪೂರ್ಣಾಂಕವನ್ನಷ್ಟೇ ತಪ್ಪಿಲ್ಲದೆ ಹಿಡಿದಿಡಬಲ್ಲದು. ಒಂದೊಂದಾಗಿ ಏರುವ ಕೀ ಅಲ್ಲಿಗೆ ತಲುಪುವ ಸಂಭವ ಕಡಿಮೆ. ಆದರೆ ಟ್ವಿಟರ್ 2010ರಲ್ಲಿ ರೂಢಿಸಿದಂತೆ ಸಮಯವನ್ನು ಬೆರೆಸಿ ರಚಿಸುವ ದೊಡ್ಡ ಸಂಖ್ಯೆಗಳ ಕೊನೆಯ ಅಂಕಿಗಳು ಅಲ್ಲಿ ಬದಲಾಗಿಬಿಡುತ್ತವೆ. ಅಂಥವನ್ನು ಬ್ರೌಸರ್‌ಗೆ ಅಕ್ಷರಮಾಲೆಯ ರೂಪದಲ್ಲಿ ಕಳುಹಿಸುವುದು ಲೇಸು.