ದೊಡ್ಡದಕ್ಕೆ ಅಂಗನವಾಡಿ, ಚಿಕ್ಕದಕ್ಕೆ?

ಮನೆಯಲ್ಲಿ ಐದು ವರ್ಷದ್ದೊಂದು, ಒಂದೂವರೆ ವರ್ಷದ್ದೊಂದು ಮಗುವಿದ್ದು ತಾಯಿ ಕೂಲಿಗೆ ಹೊರಟರೆ ಚಿಕ್ಕದನ್ನು ನೋಡಿಕೊಳ್ಳುವವರು ಯಾರು? ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಈ ಪ್ರಶ್ನೆಗೆ ತಲೆಮಾರುಗಳಿಂದ ಇದ್ದ ಉತ್ತರ ಒಂದೇ: ದೊಡ್ಡದು.

ನಾಟಿಯ ದಿನಗಳಲ್ಲಿ ಗದ್ದೆ ಬದುವಿನ ಹೊಂಗೆಮರಕ್ಕೆ ಹಳೇ ಸೀರೆಯ ಜೋಲಿ ಕಟ್ಟುತ್ತಿದ್ದರು. ಸೀರೆಯನ್ನು ಎರಡು ಪದರ ಮಾಡಿ ಕೊಂಬೆಗೆ ಬಿಗಿದು, ಬಟ್ಟೆ ಕೂಸಿನ ಮುಖದ ಮೇಲೆ ಕೂಡಿಕೊಳ್ಳದಂತೆ ಒಂದು ಗಿಡ್ಡ ಕೋಲನ್ನು ಅಡ್ಡ ಸಿಕ್ಕಿಸುವುದು. ಜೋಲಿಗೊಂದು ಹಗ್ಗ, ಹಗ್ಗದ ತುದಿ ಅಕ್ಕನ ಕೈಯಲ್ಲಿ. ಇರುವೆ ಹತ್ತಬಾರದು, ನಾಯಿ ಹತ್ತಿರ ಸುಳಿಯಬಾರದು, ಕೂಸು ಎದ್ದು ಅತ್ತರೆ ಕೆಸರಲ್ಲಿ ಬಗ್ಗಿ ಪೈರು ನೆಡುತ್ತಿರುವ ಅವ್ವನಿಗೆ ಕೂಗು ಹಾಕಬೇಕು. ಇಷ್ಟು ಅವಳ ಕೆಲಸ. ಕೂಸು ಜೋಲಿಯಲ್ಲಿರುವ ತನಕ ಅದೂ ಹೇಗೋ ಸಾಗುತ್ತಿತ್ತು. ಹೆಜ್ಜೆ ಹಾಕಲು ಕಲಿತ ಮೇಲೆ ಕಷ್ಟ ಶುರು. ಕಾಲುವೆ, ಬಾವಿಕಟ್ಟೆ, ಒಲೆ ಎಲ್ಲದರ ಕಡೆಗೂ ಓಡುವ ಆ ಮಗುವನ್ನು ಅಕ್ಕ ಸೊಂಟಕ್ಕೆ ಏರಿಸಿಕೊಂಡೇ ಹಗಲು ಕಳೆಯಬೇಕು. ಹೊತ್ತವಳಿಗೂ ಇನ್ನೊಬ್ಬರು ನೋಡಿಕೊಳ್ಳಬೇಕಾದ ವಯಸ್ಸು ಎಂಬುದು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಶಾಲೆಯಿಂದ ಮೇಷ್ಟ್ರು ಹುಡುಕಿಕೊಂಡು ಬಂದರೆ ತಾಯಿಯ ಬಾಯಲ್ಲಿ ಸಿದ್ಧ ಮಾತು: “ಕೂಸ್ ನೋಡ್ಕಳಕ್ಕೆ ಯಾರವ್ರೆ ಮೇಷ್ಟ್ರೆ? ಮುಂದಿನ್ ವರ್ಸ ಸೇರಿಸ್ತೀನಿ ಬುಡಿ.” ಆ ಮುಂದಿನ ವರ್ಷ ಎಷ್ಟೋ ಹೆಣ್ಣುಮಕ್ಕಳ ಪಾಲಿಗೆ ಬರಲೇ ಇಲ್ಲ.

ಈ ಅಕ್ಕ-ತಮ್ಮಂದಿರನ್ನು ಒಟ್ಟಿಗೆ ನೋಡಬೇಕು ಎಂದು ಕಂಡುಕೊಂಡವರು ತಾರಾಬಾಯಿ ಮೋಡಕ್. ಭಾವನಗರದ ದಕ್ಷಿಣಾಮೂರ್ತಿ ಬಾಲಮಂದಿರದಲ್ಲಿ ಗಿಜುಭಾಯಿ ಬಧೇಕಾ ಅವರ ಜೊತೆ ದುಡಿದ ಅವರು 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಕಟ್ಟಿದರು. 1945ರಲ್ಲಿ ಮುಂಬೈಗೆ ಉತ್ತರದ ಕರಾವಳಿ ಹಳ್ಳಿ ಬೋರ್ಡಿಗೆ ಬಂದರು. ಶಿಕ್ಷಕಿ ಅನುತಾಯಿ ವಾಘ್ ಅಲ್ಲಿಯೇ ಅವರನ್ನು ಸೇರಿಕೊಂಡರು. ಊರಲ್ಲಿ ಬಾಲವಾಡಿ ತೆರೆದರೂ ದಲಿತರ ಕೇರಿಯ ಮಕ್ಕಳು ಬರಲಿಲ್ಲ. ಬರದಿದ್ದರೆ ತಾವೇ ಹೋಗೋಣ ಎಂದು ಇಬ್ಬರೂ ಕೇರಿಗೆ ನಡೆದು ಮನೆಗಳ ಅಂಗಳದಲ್ಲೇ ಮಕ್ಕಳನ್ನು ಕೂರಿಸಿದರು. ಉಗುರು ಕತ್ತರಿಸಿ, ತಲೆ ಬಾಚಿದ ಮೇಲೆ ಪಾಠ. ಮಾಂಟೆಸ್ಸರಿ ಪದ್ಧತಿಯ ದುಬಾರಿ ಸಾಮಗ್ರಿಯ ಬದಲು ಬೀಜ, ಕಪ್ಪೆಚಿಪ್ಪು, ಎಲೆ, ಕಲ್ಲು ಬಳಸಿದರು. ಅಂಗನವಾಡಿ ಹುಟ್ಟಿದ್ದು ಹೀಗೆ.

1957ರಲ್ಲಿ ಅವರು ಹತ್ತಿರದ ಕೋಸಬಾಡ ಗುಡ್ಡಕ್ಕೆ, ಆದಿವಾಸಿಗಳ ನಡುವೆ ನೆಲೆ ಬದಲಿಸಿದಾಗ ಸಮಸ್ಯೆಯ ಇನ್ನೊಂದು ಮುಖ ಎದುರಾಯಿತು. ಶಾಲೆಗೆ ಬರಬೇಕಾದ ಮಕ್ಕಳು ದನ ಕಾಯುತ್ತಿದ್ದರು, ಇಲ್ಲವೇ ಕಂಕುಳಲ್ಲಿ ಕೂಸು ಹೊತ್ತಿದ್ದರು. ದನ ಕಾಯುವವರಿಗಾಗಿ ಶಿಕ್ಷಕರೇ ಹುಲ್ಲುಗಾವಲಿಗೆ ಹೋದರು. ಕೂಸು ಹೊತ್ತವರಿಗಾಗಿ ಶಿಶುಗೃಹ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಆವರಣಕ್ಕೆ ತಂದು ‘ವಿಕಾಸವಾಡಿ’ ಎಂದು ಕರೆದರು. ಕೂಸನ್ನು ಶಿಶುಗೃಹದಲ್ಲಿ ಇಳಿಸಿ ಅಕ್ಕ ಪಕ್ಕದ ಕೋಣೆಯಲ್ಲಿ ಕೂತು ಕಲಿಯಬಹುದಿತ್ತು. ಸ್ವತಂತ್ರ ಭಾರತದಲ್ಲಿ ಸಣ್ಣ ಮಕ್ಕಳಿಗಾಗಿ ಯಾರಾದರೂ ಮಾಡಿದ ಅತ್ಯಂತ ವಿವೇಕದ ವ್ಯವಸ್ಥೆಗಳಲ್ಲಿ ಇದೊಂದು. ಮುಂದೆ ಇದರ ಅರ್ಧ ಭಾಗವಷ್ಟೇ ದೇಶದ ಉದ್ದಗಲಕ್ಕೂ ಹಬ್ಬಿತು.

ಕನ್ನಡನಾಡಿನ ಪಟ್ಟಣಗಳಲ್ಲಿ ಆ ಹೊತ್ತಿಗೆ ಶಿಶುವಿಹಾರಗಳು ಕಣ್ಣು ಬಿಟ್ಟಿದ್ದವು. ಬಾಲವಿಧವೆಯಾಗಿದ್ದ ಆರ್. ಕಲ್ಯಾಣಮ್ಮ 1938ರಲ್ಲಿ ಬೆಂಗಳೂರಿನಲ್ಲಿ ಮಕ್ಕಳ ಕೂಟ ಕಟ್ಟಿದ್ದರು. ಮಾರಿಯಾ ಮಾಂಟೆಸ್ಸರಿ 1939ರಲ್ಲಿ ಮದರಾಸಿನ ಅಡ್ಯಾರ್‌ಗೆ ಬಂದು, ಯುದ್ಧದ ಕಾರಣ ಯುರೋಪಿಗೆ ಮರಳಲಾಗದೆ ವರ್ಷಗಟ್ಟಲೆ ಇಲ್ಲೇ ಉಳಿದು ತರಬೇತಿ ಕೊಟ್ಟರು. ಇವೆಲ್ಲ ಮಗುವನ್ನು ಬೆಳಿಗ್ಗೆ ಬಿಟ್ಟು ಮಧ್ಯಾಹ್ನ ಕರೆದೊಯ್ಯಲು ಮನೆಯಲ್ಲಿ ಯಾರಾದರೂ ಇದ್ದ ಕುಟುಂಬಗಳಿಗೆ ಒದಗಿದವು.

ನಡೆದಾಡುವ ಕೂಸಿನ ಮೇಲೆ ಸರ್ಕಾರದ ಕಣ್ಣು ಬಿದ್ದದ್ದು ಬೇರೆ ದಾರಿಯಿಂದ, ಕಾರ್ಖಾನೆಯ ಗೇಟಿನ ಮೂಲಕ. 1931ರಲ್ಲಿ ವರದಿ ಕೊಟ್ಟ ವಿಟ್ಲೆ ಆಯೋಗ ಕಾರ್ಮಿಕರ ಬದುಕನ್ನು ತಡಕಿದಾಗ, ಗಿರಣಿಗೆ ಹೋಗುವ ತಾಯಂದಿರು ಮಕ್ಕಳು ದಿನವಿಡೀ ಮಲಗಿರಲೆಂದು ಅಫೀಮು ಕೊಡುತ್ತಿದ್ದುದು ಕಾಣಿಸಿತು. ಮುಂಬೈಯ ಕಾರ್ಮಿಕರ ಚಾಳ್‌ಗಳಲ್ಲಿ ಅದಕ್ಕೆಂದೇ ಬಾಲಗೋಲಿ ಎಂಬ ಮಾತ್ರೆ ಸಿಗುತ್ತಿತ್ತು. ಆ ತಾಯಂದಿರನ್ನು ದೂಷಿಸುವುದು ಸುಲಭ. ಎತ್ತಿಕೊಳ್ಳಲು ಯಾರೂ ಇಲ್ಲದ ಮನೆಯಲ್ಲಿ ಎಚ್ಚರವಿರುವ ಮಗು ಬೆಂಕಿಗೋ ನೀರಿಗೋ ಬೀಳುತ್ತದೆ ಎಂಬ ಭಯದಲ್ಲಿ ಅವರು ಅದನ್ನು ಮಲಗಿಸಿ ಹೋಗುತ್ತಿದ್ದರು. 1934ರ ಕಾರ್ಖಾನೆ ಕಾಯ್ದೆ 50ಕ್ಕಿಂತ ಹೆಚ್ಚು ಹೆಂಗಸರಿರುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇಡಿಸುವ ಅಧಿಕಾರವನ್ನು ಪ್ರಾಂತ್ಯಗಳಿಗೆ ಕೊಟ್ಟಿತು. 1948ರ ಕಾಯ್ದೆ ಅದನ್ನು ಕಡ್ಡಾಯ ಮಾಡಿತು. 1976ರಲ್ಲಿ ಆ ಸಂಖ್ಯೆ 30ಕ್ಕೆ ಇಳಿಯಿತು. ಅಲ್ಲಿಯವರೆಗೆ ಸರಿಯಾಗಿ ಐವತ್ತೇ ಹೆಂಗಸರಿದ್ದ ಕಾರ್ಖಾನೆಗೆ ಆ ಕೋಣೆಯ ಹಂಗಿರಲಿಲ್ಲ.

1951ರ ತೋಟ ಕಾರ್ಮಿಕರ ಕಾಯ್ದೆ ಕೊಡಗು, ಚಿಕ್ಕಮಗಳೂರಿನ ದೊಡ್ಡ ಕಾಫಿ ಎಸ್ಟೇಟುಗಳ ಲೈನ್ ಮನೆಗಳ ಬಳಿಗೂ ಶಿಶುಗೃಹವನ್ನು ತಂದಿತು. ಬೀಡಿ ಕಾರ್ಮಿಕರಿಗೆ 1966ರಲ್ಲಿ ಬಂದ ಕಾಯ್ದೆಯಲ್ಲೂ ಅದೇ ಸವಲತ್ತಿತ್ತು. ಆದರೆ ಮಂಗಳೂರು ಕಡೆ ಬೀಡಿ ಕಟ್ಟುವ ಹೆಂಗಸರಲ್ಲಿ ಬಹುಪಾಲು ಜನ ಮನೆಯಲ್ಲೇ ಕೂತು ಕಟ್ಟುವವರು. ಮಡಿಲಲ್ಲಿ ಎಲೆ, ಹೊಗೆಸೊಪ್ಪಿನ ತಡ್ಪೆ, ಅದರಾಚೆ ತೆವಳುವ ಮಗು. ಕೋಣೆ ಕಟ್ಟಿಸಬೇಕಾದ ಕಾರ್ಖಾನೆಯೇ ಅಲ್ಲಿರಲಿಲ್ಲ. ಕಾನೂನು ಹುಡುಕಿದ್ದು ಹಾಜರಿ ಪುಸ್ತಕವನ್ನು. ಹಾಜರಿ ಪುಸ್ತಕವೇ ಇಲ್ಲದ ಗದ್ದೆಯ ಹೆಣ್ಣಾಳು ಯಾವ ಕಲಮಿಗೂ ಸಿಗಲಿಲ್ಲ. ನಾಡಿನಲ್ಲಿ ದುಡಿಯುವ ತಾಯಂದಿರಲ್ಲಿ ಹೆಚ್ಚಿನವರು ಅವಳಂಥವರೇ.

ಎಪ್ಪತ್ತರ ದಶಕದ ಆರಂಭದಲ್ಲಿ ಶಾಲೆಗೆ ಮುಂಚಿನ ವಯಸ್ಸಿನ ಮಕ್ಕಳ ಬಗ್ಗೆ ಅಧ್ಯಯನ ಮಾಡಲು ಕೇಂದ್ರ ಸರ್ಕಾರದ ಶಿಕ್ಷಣ ಸಲಹಾ ಮಂಡಳಿ ಒಂದು ಸಮಿತಿ ನೇಮಿಸಿತು. ಅದರ ಅಧ್ಯಕ್ಷೆ ಮೀನಾ ಸ್ವಾಮಿನಾಥನ್. 1972ರ ವರದಿಯಲ್ಲಿ ಅವರು ಹೇಳಿದ್ದು ಊಟ, ಆರೋಗ್ಯ, ಕಲಿಕೆ ಮೂರೂ ಒಂದೇ ಕಡೆ ಸಿಗಬೇಕು ಎಂದು. 1974ರಲ್ಲಿ ಮಕ್ಕಳ ರಾಷ್ಟ್ರೀಯ ನೀತಿ ಹೊರಬಿತ್ತು. ಮರುವರ್ಷ, 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಪ್ರಯೋಗಾರ್ಥ ಶುರುವಾಯಿತು. ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಕಾವೇರಿ, ಕಪಿಲೆ ಕೂಡುವ ಈ ತಾಲ್ಲೂಕಿನಲ್ಲಿ 100 ಅಂಗನವಾಡಿಗಳು ತೆರೆದವು.

ಊರಿನವಳೇ ಆದ ಒಬ್ಬ ಕಾರ್ಯಕರ್ತೆ, ಅವಳಿಗೊಬ್ಬ ಸಹಾಯಕಿ. ಸರ್ಕಾರ ಕೊಟ್ಟದ್ದನ್ನು ಸಂಬಳ ಎನ್ನಲಿಲ್ಲ, ಗೌರವಧನ ಎಂದಿತು. ಮೆಟ್ರಿಕ್ ಪಾಸಾದವಳಿಗೆ ತಿಂಗಳಿಗೆ 150 ರೂಪಾಯಿ, ಆಗದವಳಿಗೆ 100, ಸಹಾಯಕಿಗೆ 35. ಈ ಹಣಕ್ಕೆ ಅವಳಿಂದ ಅಪೇಕ್ಷಿಸಿದ್ದು ಆರು ಸೇವೆ: ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಕಾಯಿಲೆಯವರನ್ನು ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ, ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ. ಸ್ವಂತ ಕಟ್ಟಡ ದೂರದ ಮಾತು. ಗುಡಿಯ ಜಗಲಿ, ಸಮುದಾಯ ಭವನ, ಬಾಡಿಗೆಯ ಒಂದಂಕಣದ ಮನೆ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಅಂಗನವಾಡಿ.

ತೂಕದ ದಿನ ಎಂದರೆ ಊರಿಗೆ ಊರೇ ಸೇರುವ ದಿನ. ಜಂತಿಗೆ ಗಡಿಯಾರದಂಥ ಮುಖದ ತಕ್ಕಡಿ ನೇತುಹಾಕಿ, ಅದರ ಕೊಕ್ಕೆಗೆ ಚಡ್ಡಿಯ ಆಕಾರದ ಬಟ್ಟೆಚೀಲ ಸಿಕ್ಕಿಸಿ ಕೂಸನ್ನು ಅದರಲ್ಲಿ ಇಳಿಸುವುದು. ಕೂಸು ಕೈಕಾಲು ಬಡಿದು ಅಳುತ್ತಿದ್ದರೆ ಮುಳ್ಳು ನಿಲ್ಲುವುದೇ ಇಲ್ಲ. ಟೀಚರಮ್ಮ ಮುಳ್ಳು ಒಂದು ಗಳಿಗೆ ನಿಂತದ್ದನ್ನು ಹಿಡಿದು ಪಟ್ಟಿಯಲ್ಲಿ ಚುಕ್ಕಿ ಇಡಬೇಕು. ಚುಕ್ಕಿಯಿಂದ ಚುಕ್ಕಿಗೆ ಎಳೆದ ಗೆರೆ ಇಳಿಮುಖವಾದರೆ ತಾಯಿಗೆ ಅದನ್ನು ತೋರಿಸಿ ಹೇಳಬೇಕು. ಮಗು ಸೊರಗುತ್ತಿದೆ ಎಂಬುದನ್ನು ದೃಷ್ಟಿಯಾಗಿದೆ ಎಂದುಕೊಂಡಿದ್ದವರ ಎದುರು ಒಂದು ಕಾಗದವನ್ನಿಟ್ಟು ಮಾತಾಡಿದ ಆ ಹೆಣ್ಣುಮಕ್ಕಳಿಗೆ ನಾಡು ಇನ್ನೂ ಸರಿಯಾಗಿ ಋಣ ತೀರಿಸಿಲ್ಲ. ಅವರಿಗೆ ಗ್ರಾಚ್ಯುಟಿ ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದದ್ದು 2022ರಲ್ಲಿ.

ಆದರೆ ಯೋಜನೆಯ ಒಳಗೇ ಒಂದು ಗೆರೆ ಎಳೆದಿತ್ತು. ಮೂರರಿಂದ ಆರು ವರ್ಷದವರು ಬಂದು ಚಾಪೆಯ ಮೇಲೆ ಕೂರಬಹುದು, ಹಾಡು ಕಲಿಯಬಹುದು, ಬಿಸಿ ಊಟ ಮಾಡಬಹುದು. ಮೂರರ ಕೆಳಗಿನವರಿಗೆ ತೂಕ, ಲಸಿಕೆ ಮತ್ತು ಮನೆಗೆ ಒಯ್ಯುವ ಆಹಾರದ ಪೊಟ್ಟಣ. ಅವರು ಹಗಲು ಇರಬೇಕಾದದ್ದು ಮನೆಯಲ್ಲೇ. ಬೋರ್ಡಿಯಲ್ಲಿ ಹುಟ್ಟಿದ ಅಂಗನವಾಡಿಯನ್ನು ಸರ್ಕಾರ ತೆಗೆದುಕೊಂಡಿತು, ಕೋಸಬಾಡದ ಶಿಶುಗೃಹವನ್ನು ಅಲ್ಲೇ ಬಿಟ್ಟಿತು. ಮನೆಯಲ್ಲಿ ತಾಯಿ ಇರುತ್ತಾಳೆ ಎಂದು ಯೋಜನೆ ಊಹಿಸಿಕೊಂಡಿತ್ತು. ಅವಳು ಗದ್ದೆಯಲ್ಲಿದ್ದಳು.

ಹೀಗಾಗಿ ಅಕ್ಕ ಅಂಗನವಾಡಿಗೆ ಬರುವಾಗ ಸೊಂಟದ ಮೇಲೆ ತಮ್ಮನೂ ಬಂದ. ಹಾಜರಿಯಲ್ಲಿ ಅವಳ ಹೆಸರಿದೆ, ಅವನದಿಲ್ಲ. ಅವಳ ತಟ್ಟೆಯ ಉಪ್ಪಿಟ್ಟಿನಲ್ಲಿ ಅವನಿಗೂ ಪಾಲು. ಹೊಸ್ತಿಲಲ್ಲಿ ಉಚ್ಚೆ ಹೊಯ್ದರೆ ಆಯಾ ಬಯ್ಯುತ್ತಲೇ ಒರೆಸುತ್ತಿದ್ದಳು. ದಿನಕ್ಕೆ 300 ಕ್ಯಾಲೊರಿ, 8ರಿಂದ 10 ಗ್ರಾಂ ಪ್ರೋಟೀನ್ ಎಂದು ಮೊದಲು ಲೆಕ್ಕ ಹಾಕಿದ್ದ, 2009ರಲ್ಲಿ 500 ಕ್ಯಾಲೊರಿ, 12ರಿಂದ 15 ಗ್ರಾಂಗೆ ಏರಿಸಿದ ಆ ಊಟ ಎಷ್ಟೋ ಕಡೆ ಒಂದು ತಟ್ಟೆಯಿಂದ ಎರಡು ಹೊಟ್ಟೆಗೆ ಹೋಗಿದೆ. ಕಡೆಗೆ ತಮ್ಮ ಇದ್ದಾನೆಂದು ಅವಳೂ ಬರುವುದನ್ನು ಬಿಟ್ಟದ್ದೂ ಉಂಟು.

ಇದು ಯಾರಿಗೂ ಕಾಣಲಿಲ್ಲವೆಂದಲ್ಲ. ಮೀನಾ ಸ್ವಾಮಿನಾಥನ್ 1985ರಲ್ಲಿ ಬಡ ದುಡಿಯುವ ಹೆಂಗಸರ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂದೇ ಒಂದು ಅಧ್ಯಯನ ಪ್ರಕಟಿಸಿದರು. ಇಳಾ ಭಟ್ ಅಧ್ಯಕ್ಷತೆಯ ಆಯೋಗ 1988ರ ‘ಶ್ರಮಶಕ್ತಿ’ ವರದಿಯಲ್ಲಿ ಅಸಂಘಟಿತ ಹೆಂಗಸರ ದುಡಿಮೆಯನ್ನು ಸರ್ಕಾರದ ಮುಂದಿಟ್ಟಿತು. ಅಂಗನವಾಡಿಗಳ ಸಂಖ್ಯೆಯೇನೋ ಬೆಳೆಯಿತು. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ, ಮತ್ತೆ 2006ರಲ್ಲಿ, ಪ್ರತಿ ಜನವಸತಿಗೂ ಅಂಗನವಾಡಿ ಬೇಕೆಂದು ಆಜ್ಞೆ ಮಾಡಿತು. 100ರಿಂದ ಶುರುವಾದ ಕರ್ನಾಟಕದಲ್ಲಿ ಇಂದು 65 ಸಾವಿರಕ್ಕೂ ಹೆಚ್ಚು ಇವೆ. 2013ರಲ್ಲಿ ಕ್ಷೀರಭಾಗ್ಯ ಯೋಜನೆಯ ಹಾಲು ಬಂತು. ಮೊಟ್ಟೆಯೂ ಬಂತು. ಮೂರರ ಕೆಳಗಿನ ಕೂಸಿನ ಹಗಲು ಮಾತ್ರ ಮೊದಲಿದ್ದ ಕಡೆಯೇ ನಿಂತಿತು.

2005ರ ಉದ್ಯೋಗ ಖಾತ್ರಿ ಕಾಯ್ದೆ ಕೂಲಿಹೆಣ್ಣಿನ ಹೆಸರನ್ನು ಕೊನೆಗೂ ಹಾಜರಿಗೆ ಏರಿಸಿತು. ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬಳನ್ನು ಬಿಡಬೇಕು, ಅವಳಿಗೂ ಕೂಲಿ ಕೊಡಬೇಕು ಎಂದು ಅದರಲ್ಲಿ ಬರೆದಿತ್ತು. ಕೆರೆ ಹೂಳೆತ್ತುವ ಬಯಲಲ್ಲಿ ಮಕ್ಕಳನ್ನು ಕೂರಿಸುವುದೆಲ್ಲಿ? ಹೊಂಗೆಮರ, ಜೋಲಿ ಅಲ್ಲೂ ಇದ್ದವು. ಬೆಂಗಳೂರಿನ ಗಾರ್ಮೆಂಟ್ಸ್ ಸೇರಿದ ಹುಡುಗಿಯರಿಗೆ ಕಾನೂನಿನ ಪ್ರಕಾರ ಶಿಶುಗೃಹ ಹಕ್ಕಾಗಿ ಸಿಗಬೇಕು. ಆದರೂ ಎದೆಹಾಲು ಬಿಡಿಸಿದ ಕೂಸನ್ನು ಮಂಡ್ಯ, ರಾಮನಗರದ ಕಡೆಯ ತವರಿನಲ್ಲಿ ಅಜ್ಜಿಗೆ ಒಪ್ಪಿಸಿ, ಹಬ್ಬಕ್ಕೆ ಹೋದಾಗ ಮಗು ಗುರುತಿಸದೆ ಅಜ್ಜಿಯ ಸೆರಗು ಹಿಡಿದದ್ದನ್ನು ನೋಡಿ ಬರುವ ತಾಯಂದಿರು ಅವರಲ್ಲಿ ಇದ್ದಾರೆ.

2023ರಲ್ಲಿ ಕರ್ನಾಟಕ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಘೋಷಿಸಿತು. ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳನ್ನು ಗಮನದಲ್ಲಿಟ್ಟುಕೊಂಡ ಯೋಜನೆ ಅದು. ಟಿ. ನರಸೀಪುರದಲ್ಲಿ ಅಂಗನವಾಡಿ ತೆರೆದು ಆಗ 48 ವರ್ಷ. ಮರುವರ್ಷವೇ ದೊಡ್ಡ ಮಗುವಿಗಾಗಿ ಜಗ್ಗಾಟ ಶುರುವಾಯಿತು. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆದರೆ ಅಂಗನವಾಡಿ ಖಾಲಿಯಾಗುತ್ತದೆ ಎಂದು ಕಾರ್ಯಕರ್ತೆಯರು ಬೀದಿಗಿಳಿದರು. ಆಯ್ದ ಅಂಗನವಾಡಿಗಳಲ್ಲೇ ಆ ತರಗತಿಗಳನ್ನು ಆರಂಭಿಸುವ ಕಡೆಗೆ ಸರ್ಕಾರ ತಿರುಗಿತು. ನಾಲ್ಕು ವರ್ಷದ ಮಗುವನ್ನು ತಮ್ಮಲ್ಲಿಗೆ ಕರೆಯಲು ಎರಡು ಇಲಾಖೆ, ಖಾಸಗಿ ಶಾಲೆಯ ಹಳದಿ ವ್ಯಾನು, ಎಲ್ಲರೂ ಸಾಲುಗಟ್ಟಿದ್ದಾರೆ. ಒಂದೂವರೆ ವರ್ಷದ್ದಕ್ಕೆ ಕೂಸಿನ ಮನೆಯೊಂದೇ.

ಆ ಮನೆಯ ಆರೈಕೆದಾರರು ಯಾರು ಎಂಬುದನ್ನು ನೋಡಿದರೆ ಯೋಜನೆಯ ಕಷ್ಟ ತಿಳಿಯುತ್ತದೆ. ಅವರೂ ಜಾಬ್ ಕಾರ್ಡ್ ಇರುವ ಅದೇ ಊರಿನ ಹೆಂಗಸರು. ತರಬೇತಿ ಪಡೆದು ಬಂದ ಅವರಿಗೆ ಸಲ್ಲುವಂತೆ ಗೊತ್ತು ಮಾಡಿದ್ದು ಉದ್ಯೋಗ ಖಾತ್ರಿಯ ಕೂಲಿ. ಯೋಜನೆ ಶುರುವಾದಾಗ ಆ ಕಾಯ್ದೆಯಡಿ ಒಂದು ಕುಟುಂಬಕ್ಕೆ ವರ್ಷಕ್ಕೆ ಖಾತ್ರಿಯಿದ್ದದ್ದು 100 ದಿನದ ಕೆಲಸ. ಹಾಗಾಗಿ ಸರದಿಯ ಮೇಲೆ ಬೇರೆಬೇರೆ ಹೆಂಗಸರು ಬರಬೇಕು. ಆ ವಯಸ್ಸಿನ ಮಕ್ಕಳಿಗೆ ಬೇಕಾದದ್ದು ದಿನವೂ ಅದೇ ಮುಖ, ಅದೇ ಮಡಿಲು, ಅದೇ ದನಿ. ಒಬ್ಬಳೇ ಹೆಂಗಸು ವರ್ಷಪೂರ್ತಿ ಅಲ್ಲಿರಬೇಕಾದರೆ ಅವಳಿಗೆ ವರ್ಷಪೂರ್ತಿ ಸಂಬಳ ಕೊಡಬೇಕು. 1975ರಲ್ಲಿ ಅಂಗನವಾಡಿ ಕಾರ್ಯಕರ್ತೆಯ ವಿಷಯದಲ್ಲಿ ಸರ್ಕಾರ ಹಿಂಜರಿದದ್ದೂ ಇದೇ ಮಾತಿಗೆ.