ಸೂಲಗಿತ್ತಿ ಅಜ್ಜಿ

ಶಿವಮೊಗ್ಗದಿಂದ ಸಾಗರದ ರಸ್ತೆ ಹಿಡಿದು ಹೊರಟರೆ ಸುಮಾರು 10 ಕಿಲೋಮೀಟರಿಗೆ ತ್ಯಾವರೆಕೊಪ್ಪ ಸಿಕ್ಕುತ್ತದೆ. ಮಕ್ಕಳಿಗೆ ಹುಲಿ ಸಿಂಹ ತೋರಿಸಲು ಹೋಗಿಬಂದವರಿಗೆ ಆ ಹೆಸರು ಚೆನ್ನಾಗಿ ಗೊತ್ತು. ಸಿಂಹಧಾಮವಾದದ್ದು 1988ರಲ್ಲಿ. ಅದಕ್ಕೆ ಮೊದಲು ಅದು, ಹೆಸರೇ ಹೇಳುವಂತೆ, ಒಂದು ಕೊಪ್ಪ. ಕಾಡಿನ ಅಂಚಿನ ಸಣ್ಣ ಹಳ್ಳಿ. ಮಲೆನಾಡಿನ ಸೆರಗಿನುದ್ದಕ್ಕೂ ಇಂಥ ಕೊಪ್ಪಗಳುಂಟು. ಅಲ್ಲಿನ ಒಬ್ಬ ಬಸುರಿಗೆ ಮಳೆಗಾಲದ ನಡುರಾತ್ರಿ ನೋವು ಕಾಣಿಸಿಕೊಂಡಿತೆನ್ನಿ. ಎತ್ತಿನ ಗಾಡಿ ಕಟ್ಟಿದರೆ ಪೇಟೆ ಮುಟ್ಟಲು ಮೂರು ಗಂಟೆ ಬೇಕು. ಹಳ್ಳ ತುಂಬಿದ್ದರೆ ಅದೂ ಇಲ್ಲ. ಆಗ ಮನೆಯವರು ಲಾಟೀನು ಹಿಡಿದು ಓಡುತ್ತಿದ್ದುದು ಊರಿನ ಒಬ್ಬಳೇ ಒಬ್ಬ ಮುದುಕಿಯ ಬಾಗಿಲಿಗೆ.

ಅವಳೇ ಸೂಲಗಿತ್ತಿ. ಸೂಲು ಎಂದರೆ ಹೆರಿಗೆ. ಪೇಟೆಯ ಮನೆಗಳಲ್ಲಿ ಈ ಮಾತು ಮರೆತುಹೋಗಿದ್ದರೂ, ಎಮ್ಮೆ ಕೊಳ್ಳಲು ಹೋದ ರೈತ ಇಂದಿಗೂ ‘ಎಷ್ಟನೆಯ ಸೂಲು?’ ಎಂದೇ ಕೇಳುತ್ತಾನೆ. ಊರಿಗೆಲ್ಲ ಆಕೆ ಅಜ್ಜಿ. ಆಕೆ ಬಂದವಳೇ ಒಲೆಗೆ ಹಂಡೆ ಏರಿಸಲು ಹೇಳಿ, ಗಂಡಸರನ್ನು ಜಗಲಿಗೆ ಅಟ್ಟಿ, ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ತಲೆ ಎಲ್ಲಿದೆಯೆಂದು ನೋಡುತ್ತಿದ್ದಳು. ಬೆನ್ನು ನೀವುತ್ತಿದ್ದಳು, ಬೈಯುತ್ತಿದ್ದಳು, ನಗಿಸುತ್ತಿದ್ದಳು. ಕೂಸನ್ನು ತೊಳೆದು ಮೊರದಲ್ಲಿ ಮಲಗಿಸುವುದು, ಆಮೇಲೆ ದಿನಗಟ್ಟಲೆ ಬಾಣಂತಿಗೆ ಎಣ್ಣೆ ನೀರು, ಒಳಲೆಯಲ್ಲಿ ಮದ್ದು ಕುಡಿಸುವುದು, ಇವೆಲ್ಲ ಆಕೆಯ ಪಾಲಿನ ಕೆಲಸವೇ.

ಊರಿನ ಜನನದ ಲೆಕ್ಕವೂ ಆಕೆಯ ನಾಲಗೆಯ ಮೇಲೆ ಇತ್ತು. ಜನನ ಮರಣಗಳ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾನೂನಾದದ್ದು 1969ರಲ್ಲಿ. ಅದಕ್ಕೆ ಮುಂಚೆ ಹಳ್ಳಿಯಲ್ಲಿ ವಯಸ್ಸು ಕೇಳಿದರೆ ‘ದೊಡ್ಡ ನೆರೆ ಬಂದ ವರುಷ, ಭತ್ತದ ಕೊಯ್ಲಿನಲ್ಲಿ’ ಎಂದು ಅಜ್ಜಿ ಹೇಳಬೇಕು. ಶಾಲೆಗೆ ಸೇರಿಸುವಾಗ ಮೇಷ್ಟರು ತಮಗೆ ಅನುಕೂಲವಾದ ಒಂದು ತಾರೀಖನ್ನು ಬರೆದುಕೊಳ್ಳುತ್ತಿದ್ದರು. ನಮ್ಮ ಹಿರಿಯರಲ್ಲಿ ಅಷ್ಟೊಂದು ಜನ ಜೂನ್ ತಿಂಗಳಲ್ಲೇ ಹುಟ್ಟಿದ್ದೇಕೆಂದು ನೀವು ಯೋಚಿಸಿರಬಹುದು!

ಆಕೆಗೆ ಸಂದ ಗೌರವದ ಮಾತನ್ನೂ ಹೇಳಬೇಕು. ಮೊರದ ತುಂಬ ಅಕ್ಕಿ, ಎಲೆ ಅಡಿಕೆ, ಕೈಲಾದವರಿಂದ ಒಂದು ಸೀರೆ, ಇದು ಸಂಭಾವನೆ. ಸೂಲಗಿತ್ತಿಯರಲ್ಲಿ ಬಹುಮಂದಿ ಕೂಲಿ ಮಾಡುವ, ಕೀಳೆಂದು ಕಂಡ ಜಾತಿಗಳ ಹೆಂಗಸರು. ನೋವಿನ ರಾತ್ರಿಯಲ್ಲಿ ಒಳಮನೆಗೆ ಕೈಹಿಡಿದು ಕರೆದವರೇ, ಪುರುಡು ಕಳೆದ ಮೇಲೆ ಅಂಗಳದಲ್ಲಿ ನಿಲ್ಲಿಸಿ ಅಕ್ಕಿ ಸುರಿದದ್ದುಂಟು. ತನ್ನ ಕೈಯಲ್ಲೇ ಭೂಮಿಗೆ ಬಂದ ಮಗುವನ್ನು ಆಕೆ ದೂರದಿಂದ ನೋಡಬೇಕು. ಹಳೆಯ ಕಾಲವನ್ನು ಹೊಗಳುವಾಗ ಇದನ್ನು ಬಿಟ್ಟು ಹೊಗಳುವುದು ನ್ಯಾಯವಲ್ಲ.

ಇಂಥ ಸಾವಿರಾರು ಅಜ್ಜಿಯರ ಹೆಸರು ಎಲ್ಲಿಯೂ ದಾಖಲಾಗಲಿಲ್ಲ. ಒಬ್ಬರದು ಮಾತ್ರ ದೇಶಕ್ಕೆಲ್ಲ ತಿಳಿಯಿತು. ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮನವರು 1920ರಲ್ಲಿ ಹುಟ್ಟಿದವರು. ಓದು ಬರಹ ಇಲ್ಲ, ಹೊಲದ ಕೂಲಿ. 12ನೆಯ ವಯಸ್ಸಿಗೆ ಮದುವೆ. 12 ಮಕ್ಕಳನ್ನು ಹೆತ್ತು ನಾಲ್ವರನ್ನು ಎಳೆಯದರಲ್ಲೇ ಕಳೆದುಕೊಂಡರು. ಅವರಿಗೆ ಈ ವಿದ್ಯೆ ಕಲಿಸಿದ್ದು ಅವರ ಅಜ್ಜಿ ಮರಿಗೆಮ್ಮ. ಮೊಮ್ಮಗಳ ಹೆರಿಗೆಗಳನ್ನೂ ಆಕೆಯೇ ಮಾಡಿಸಿದ್ದರು. ಊರಿಗೆ ಬಂದುಹೋಗುತ್ತಿದ್ದ ಅಲೆಮಾರಿಗಳಿಂದ ನಾರು ಬೇರುಗಳ ತಿಳಿವಳಿಕೆ ದೊರೆಯಿತು. ಇಪ್ಪತ್ತು ವರ್ಷದವರಾಗಿದ್ದಾಗ ಮೊದಲ ಹೆರಿಗೆ ಮಾಡಿಸಿದರು. ಆಮೇಲೆ ಸುಮಾರು ಎಪ್ಪತ್ತು ವರ್ಷಗಳಲ್ಲಿ 15,000ಕ್ಕೂ ಹೆಚ್ಚು ಎಂದು ಲೆಕ್ಕ ಹೇಳುತ್ತಾರೆ, ಹಣ ಕೇಳಿದವರಲ್ಲ. ತುಮಕೂರು ವಿಶ್ವವಿದ್ಯಾನಿಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಹಾಗೆಂದು ಎಲ್ಲ ಹೆರಿಗೆಯೂ ಮನೆಯಲ್ಲೇ ಆಗಬೇಕಿತ್ತೆಂದು ನೀವು ತಿಳಿಯಬಾರದು. ಅಜ್ಜಿಯ ಕೈ ಎಷ್ಟೇ ಪಳಗಿದ್ದರೂ, ರಕ್ತ ನಿಲ್ಲದೆ ಹೋದರೆ ಆಕೆಯಲ್ಲಿ ಉಪಾಯವಿರಲಿಲ್ಲ. ಮಲೆನಾಡಿನಲ್ಲಿ ಚಳಿಜ್ವರ ಬೇರೆ ಬಸುರಿಯರ ನೆತ್ತರನ್ನು ಹೀರಿಬಿಡುತ್ತಿತ್ತು, ಡಿ.ಡಿ.ಟಿ. ಸಿಂಪಡಿಸುವ ರಾಷ್ಟ್ರೀಯ ಕಾರ್ಯಕ್ರಮ ಬಂದದ್ದು 1953ರಲ್ಲಿ. ಕುಡುಗೋಲಿನಿಂದಲೋ ಬಿದಿರಿನ ಸೀಳಿನಿಂದಲೋ ಹೊಕ್ಕುಳಬಳ್ಳಿ ಕೊಯ್ದು ಬೂದಿ ಹಚ್ಚಿದ ಮನೆಗಳಲ್ಲಿ ಕೂಸು ವಾರದೊಳಗೆ ಸೆಟೆದು ಹೋಗುತ್ತಿತ್ತು. ದೃಷ್ಟಿ ತಾಗಿತೆಂದರು, ಗಾಳಿ ಸೋಕಿತೆಂದರು. ಅದು ಧನುರ್ವಾಯು. ಸರ್ಕಾರ ಸೂಲಗಿತ್ತಿಯರನ್ನೇ ಕೂರಿಸಿ, ಕುದಿಸಿದ ದಾರ, ಹೊಸ ಬ್ಲೇಡು, ಸೋಪುಗಳ ಪಾಠ ಹೇಳಿಕೊಟ್ಟಿತು. ತಾಯಂದಿರಿಗೆ ಚುಚ್ಚುಮದ್ದು ಕೊಡಿಸಿತು. ಎಳೆಗೂಸುಗಳ ಆ ರೋಗ ಭಾರತದಲ್ಲಿ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2015ರಲ್ಲಿ, ಅಂದರೆ ಮೊನ್ನೆ ಮೊನ್ನೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 2005-06ರಲ್ಲಿ ಕರ್ನಾಟಕದ ನೂರು ಹೆರಿಗೆಗಳಲ್ಲಿ ಸುಮಾರು 65 ಆಸ್ಪತ್ರೆಗಳಲ್ಲಾದವು. 2019-21ರ ವೇಳೆಗೆ ಅದು 97. ಲಕ್ಷ ಹೆರಿಗೆಗೆ 2001-03ರಲ್ಲಿ 228 ತಾಯಂದಿರು ಸಾಯುತ್ತಿದ್ದರು, 2018-20ರಲ್ಲಿ 69. ಈ ಅಂಕಿಗಳ ಮುಂದೆ ಯಾವ ವಾದವೂ ನಿಲ್ಲದು. 108ರ ಗಾಡಿ ಬಂದ ಮೇಲೆ ಕೊಪ್ಪಗಳ ಅಜ್ಜಿಯರಿಗೆ ಕೆಲಸ ತಪ್ಪಿತು. ಅವರ ವಿದ್ಯೆ ಮೊಮ್ಮಕ್ಕಳಿಗೆ ಇಳಿಯಲಿಲ್ಲ.

ಆದರೆ ಹೊಸ ಕೋಣೆಯಲ್ಲಿ ಒಂದು ಕೊರತೆ ಇತ್ತು. ದೀಪ, ಔಷಧಿ, ದಾದಿ ಎಲ್ಲ ಉಂಟು. ತಲೆದಿಂಬಿನ ಹತ್ತಿರ ಕುಳಿತು ಬೆನ್ನು ನೀವುವವರಿಲ್ಲ. ನೋವು ತಿನ್ನುವವಳು ಒಳಗೆ ಒಬ್ಬಳೇ, ಮನೆಯವರೆಲ್ಲ ಬಾಗಿಲಾಚೆ. ಹೆರುವವಳ ಜೊತೆ ಹೆಂಗಸೊಬ್ಬಳು ಒಳಗಿರಬಹುದೆಂದು ಕೇಂದ್ರ ಸರ್ಕಾರ 2016ರಲ್ಲಿ ಸರ್ಕಾರಿ ಆಸ್ಪತ್ರೆಗಳಿಗೆ ತಿಳಿಸಿತು. ಹಾಗೆ ಬರುವವಳು ತಾನೂ ಹೆತ್ತು ಅರಿತವಳಾಗಿದ್ದರೆ ಒಳ್ಳೆಯದು. ನಿಮ್ಮ ಮನೆಯಲ್ಲಿ ಹೆರಿಗೆಯಿದ್ದರೆ ಮೊದಲೇ ವಿಚಾರಿಸಿಕೊಳ್ಳಿ. ಮನೆಯ ಅಜ್ಜಿ ಗಟ್ಟಿಯಾಗಿದ್ದರೆ ಅವರನ್ನೇ ಕರೆದೊಯ್ಯಬಹುದು.